ತುಂಗಭದ್ರಾತೀರದ ಉಲ್ಕಾಶಿಲೆಯೂ ನಮ್ಮ ಶಾಸನಗಳ ಮೌನವೂ

೧

ವರದಾನದಿಯು ತುಂಗಭದ್ರೆಯನ್ನು ಕೂಡುವ ಎಡೆಯಲ್ಲಿ ಗಳಗನಾಥವೆಂಬ ಕ್ಷೇತ್ರವಿರುವುದಷ್ಟೆ. ಆ ಹೆಸರನ್ನೇ ಕಾವ್ಯನಾಮವಾಗಿ ತಳೆದ ಕಾದಂಬರಿಕಾರರಿಂದಾಗಿ ಕನ್ನಡ ಸಾಹಿತ್ಯವನ್ನು ಓದಿದವರಿಗೆಲ್ಲ ಅದು ಪರಿಚಿತವಾದುದು. ಹೊಳೆಯ ಎಡದಂಡೆಯಲ್ಲಿ ಹಾವೇರಿಯ ಸೀಮೆ. ಬಲದಂಡೆಯಲ್ಲಿ ಹಡಗಲಿಯ ಸೀಮೆ. ಈ ಸಂಗಮದಿಂದ ಕೆಲವೇ ಮೈಲಿಗಳಾಚೆ, ಗುತ್ತಲದ ಬಳಿ, ನೆಗಳೂರೆಂಬ ಗ್ರಾಮವಿದೆ. ೧೮೪೮ನೆಯ ಇಸವಿ ಫೆಬ್ರವರಿ ೧೫ನೆಯ ತಾರೀಖು ಮಂಗಳವಾರ ಈ ನೆಗಳೂರಿನ ಬಳಿ ಆಕಾಶದಿಂದ ಒಂದು ಕಲ್ಲು ಬಿದ್ದಿತು. ಅದರ ತೂಕವು ಸುಮಾರು ೧.೮ ಕಿಲೋಗ್ರಾಂ, ಎಂದರೆ ನಾಲ್ಕು ಪೌಂಡುಗಳಷ್ಟು. ಅಂದಿನ ಬೊಂಬಾಯಿ ಆಧಿಪತ್ಯದ ಅಧಿಕಾರಿಗಳ ಕೈಗೆ ಅದು ಸೇರಿದುದರಿಂದ ವಿದ್ವಜ್ಜನರ ಪರೀಕ್ಷೆಗೆ ಒಳಪಟ್ಟು, ಲೋಕದ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಸೇರಿಹೋಯಿತು.

ಆದರೆ ಆ ಪಟ್ಟಿಯಲ್ಲಿ ಈ ಕಲ್ಲಿಗೆ ನೆಗಳೂರಿನ ಹೆಸರಿಲ್ಲ, ‘ಧಾರವಾಡ’ ಎಂದಿದೆ. ಗ್ರಾಮವು ಅಂದು ಧಾರವಾಡದ ಕಲೆಕ್ಟರರ ಆಡಳಿತಕ್ಕೆ ಸೇರಿದ್ದುದೇ ಇದಕ್ಕೆ ಕಾರಣ. ಪಟ್ಟಿಯನ್ನು ಮಾತ್ರ ನೋಡಿದವನು ಕಲ್ಲು ಧಾರವಾಡ ಪಟ್ಟಣದಲ್ಲೇ ಬಿದ್ದಿತೆಂದು ತಿಳಿಯುವನು. ಹೊಳೆಯಾಚೆಯ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳಾದರೋ ೧೮೦೦ರಲ್ಲಿ ನಿಜಾಮನಿಂದ ಇಂಗ್ಲಿಷರಿಗೆ ಬಂದು, ಬಳ್ಳಾರಿ ಜಿಲ್ಲೆಯ ಮೂಲಕ ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. ಹೀಗಾಗಿ ಒಂದೇ ಹೊಳೆಯ ಎರಡು ದಂಡೆಗಳ ಸಂಗತಿಗಳು ಎರಡು ಬೇರೆ ಬೇರೆ ರಾಜಧಾನಿಗಳ ಕಡತಗಳಲ್ಲಿ ಹೋಗಿ ಕುಳಿತುವು. ಬಲದಂಡೆಯ ಇತಿಹಾಸವನ್ನು ಬರೆಯುವವರು ಎಡದಂಡೆಯ ಈ ಕಲ್ಲನ್ನು ಗಮನಿಸದಿರಲು ಇದೂ ಒಂದು ಕಾರಣವಾಗಿರಬಹುದು.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆಯು ಶಾಸನಗಳಿಗೆ ಹೆಸರಾದುದು. ಬಾಗಳಿ, ನೀಲಗುಂದ, ಅಂಬಳಿ, ಕೋಗಳಿ, ಹಿರೇಹಡಗಲಿ, ಮಾಗಳ, ಕುರುವತ್ತಿ ಎಂಬ ಊರುಗಳ ಹೆಸರನ್ನು ಕೇಳದ ಶಾಸನಾಭ್ಯಾಸಿಯಿಲ್ಲ. ಇಷ್ಟು ಕಲ್ಲುಗಳ ಮೇಲೆ ಇಷ್ಟು ವಿಷಯಗಳನ್ನು ಬರೆದಿಟ್ಟ ಜನರು ಆಕಾಶದಲ್ಲಿ ಕಂಡ ಧೂಮಕೇತುಗಳನ್ನೂ ಬಿದ್ದ ಉಲ್ಕೆಗಳನ್ನೂ ಕುರಿತು ಏನು ಬರೆದರು? ಬರೆಯದಿದ್ದರೆ ಏಕೆ ಬರೆಯಲಿಲ್ಲ? ಈ ಎರಡು ಪ್ರಶ್ನೆಗಳನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ನೆಗಳೂರಿನ ಕಲ್ಲು ಬಿದ್ದ ದಿನವನ್ನು ನಮ್ಮ ಪಂಚಾಂಗದ ರೀತಿಯಿಂದ ನಿರ್ಣಯಿಸೋಣ. ೧೮೪೮ರ ಫೆಬ್ರವರಿಯು ಶಾಲಿವಾಹನ ಶಕ ೧೭೬೯ನೆಯ ಪ್ಲವಂಗ ಸಂವತ್ಸರಕ್ಕೆ ಸೇರಿದುದು. ತಿಥಿಯನ್ನು ಗೊತ್ತುಮಾಡಲು ಒಂದು ದೃಢವಾದ ಆಧಾರವಿದೆ. ಆ ವರ್ಷದ ಮಾರ್ಚಿ ೧೯ನೆಯ ರಾತ್ರಿ ಪೂರ್ಣ ಚಂದ್ರಗ್ರಹಣವಾಯಿತು. ಗ್ರಹಣಕಾಲದಲ್ಲಿಯೂ ಚಂದ್ರಬಿಂಬವು ಕೆಂಪಾಗಿ ಹೊಳೆಯುತ್ತಿದ್ದುದರಿಂದ ಯೂರೋಪಿನಲ್ಲಿ ಕೆಲವರು ಗ್ರಹಣವೇ ಆಗಲಿಲ್ಲವೆಂದು ಭ್ರಮಿಸಿದರಂತೆ. ಚಂದ್ರಗ್ರಹಣವು ಹುಣ್ಣಿಮೆಯಲ್ಲದೆ ಆಗದು. ಅಲ್ಲಿಂದ ಒಂದು ಚಾಂದ್ರಮಾಸ ಹಿಂದಕ್ಕೆ ಎಣಿಸಿದರೆ ಅದರ ಹಿಂದಿನ ಹುಣ್ಣಿಮೆಯು ಫೆಬ್ರವರಿ ೧೯ರ ಸುಮಾರಿಗೆ ಬೀಳುತ್ತದೆ. ಆಗ ಚಂದ್ರನು ಮಘಾ ನಕ್ಷತ್ರದ ಪ್ರದೇಶದಲ್ಲಿದ್ದುದರಿಂದ ಅದು ಮಾಘಮಾಸದ ಹುಣ್ಣಿಮೆಯೇ ಸರಿ. ಜನರ ಮಾತಿನಲ್ಲಿ ಭರತ ಹುಣ್ಣಿಮೆ. ಆದಕಾರಣ ಕಲ್ಲು ಬಿದ್ದುದು ಪ್ಲವಂಗ ಸಂವತ್ಸರದ ಮಾಘ ಶುದ್ಧದಲ್ಲಿ, ಏಕಾದಶಿಯ ಆಸುಪಾಸಿನಲ್ಲಿ, ಎಂದು ಹೇಳಬಹುದು.

ಈ ನಿರ್ಣಯದಿಂದ ಒಂದು ಸ್ವಾರಸ್ಯವಾದ ಸಂಗತಿಯು ಹೊರಪಡುತ್ತದೆ. ಸಂಗಮದಿಂದ ಹೊಳೆಯಾಚೆಗೆ, ನೆಗಳೂರಿನಿಂದ ಒಂದು ಹಗಲಿನ ನಡಿಗೆಯೊಳಗೆ, ಹಡಗಲಿ ಸೀಮೆಯ ಮೈಲಾರವಿದೆ. ಅಲ್ಲಿಯ ಮೈಲಾರಲಿಂಗನ ಜಾತ್ರೆಯು ನಡೆಯುವುದು ಇದೇ ಭರತ ಹುಣ್ಣಿಮೆಯ ಕಾಲದಲ್ಲಿ. ಗೊರವಯ್ಯನು ಉಪವಾಸವಿದ್ದು, ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ, ನೆರೆದ ಜನಸ್ತೋಮವು ಉಸಿರು ಬಿಗಿಹಿಡಿದು ನಿಂತಿರುವಾಗ ಒಂದೇ ಒಂದು ಮಾತನ್ನು ನುಡಿಯುವನು. ಅದೇ ಕಾರಣಿಕ. ಆ ಮಾತಿನಿಂದ ಮಳೆ, ಬೆಳೆ, ರಾಜ್ಯಭಾರಗಳ ಮುಂದಿನ ಗತಿಯನ್ನು ಜನರು ಊಹಿಸುತ್ತಾರೆ. ಹುಣ್ಣಿಮೆಗೆ ಮೂರು ನಾಲ್ಕು ದಿನಗಳ ಮುಂಚೆ ಎಂದರೆ ದೂರದೂರದ ಭಕ್ತರು ಗಾಡಿ ಕಟ್ಟಿಕೊಂಡು ಎರಡು ದಂಡೆಗಳಿಂದಲೂ ಬಂದು ಸೇರುವ ಕಾಲ. ವರ್ಷದ ಬೇರಾವ ದಿನಗಳಲ್ಲಿಯೂ ಈ ಹೊಳೆಯ ದಂಡೆಯಲ್ಲಿ ನಿಮಿತ್ತವನ್ನು ಅರಸುವ ಕಣ್ಣುಗಳು ಅಷ್ಟು ನೆರೆದಿರುವುದಿಲ್ಲ. ಅಂಥ ಸಮಯದಲ್ಲಿ, ಅಂಥ ಸ್ಥಳದ ಸಮೀಪದಲ್ಲಿ ಕಲ್ಲು ಬಿದ್ದಿತು. ಆದರೂ ಇಂದು ನಮಗೆ ಅದರ ದಿನಾಂಕವು ದೊರೆಯುವುದು ಜಾತ್ರೆಯ ಹಾಡಿನಿಂದಲ್ಲ, ಮಠದ ಕಡತದಿಂದಲ್ಲ. ಸರಕಾರದ ನೌಕರರು ತಮ್ಮ ಭಾಷೆಯಲ್ಲಿ ಬರೆದಿಟ್ಟುದರಿಂದ. ಈ ಮಾತನ್ನು ನಿಂದೆಗಾಗಿ ಹೇಳುತ್ತಿಲ್ಲ. ನಮ್ಮ ವಿಚಾರಕ್ಕೆ ಇದೇ ಮುಖ್ಯವಾದ ಮೆಟ್ಟಿಲು.

೩

ನಮ್ಮವರಿಗೆ ಇಂಥ ಸಂಗತಿಗಳ ಪರಿಚಯವಿರಲಿಲ್ಲವೆಂದು ಯಾರೂ ಹೇಳಲಾರರು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಮೂವತ್ತಮೂರನೆಯ ಅಧ್ಯಾಯವನ್ನು ಉಲ್ಕಾಲಕ್ಷಣಕ್ಕಾಗಿಯೇ ಮೀಸಲಿಟ್ಟಿದ್ದಾನೆ. ಅವನ ಮತದಲ್ಲಿ ಆಕಾಶದಿಂದ ಬೀಳುವವು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆ. ಸ್ವರ್ಗದಲ್ಲಿ ಪುಣ್ಯಫಲವನ್ನು ಅನುಭವಿಸಿ ಮುಗಿಸಿದವರು ಕೆಳಕ್ಕೆ ಬೀಳುವಾಗಿನ ರೂಪಗಳಿವು ಎಂಬ ಕಾರಣಕಥನವು ಪೌರಾಣಿಕವಾದುದು, ಅದು ಹಾಗಿರಲಿ. ಆದರೆ ವಿಭಾಗಕ್ರಮದಲ್ಲಿ ಕಣ್ಣಿಟ್ಟು ನೋಡಿದವನ ಅನುಭವವಿದೆ. ‘ತಾರಾ’ ಎಂಬುದು ತೆಳುವಾದ ಗೆರೆಯಂತೆ ಜಾರಿಹೋಗುವುದು. ನಾವು ಬೇಸಗೆಯ ಇರುಳಿನಲ್ಲಿ ಮಾಳಿಗೆಯ ಮೇಲೆ ಮಲಗಿ ಕಾಣುವ ಬೀಳುವ ಚುಕ್ಕಿ. ‘ಅಶನಿ’ ಎಂಬುದಾದರೋ ದೊಡ್ಡ ಸದ್ದಿನೊಡನೆ ಚಕ್ರದಂತೆ ತಿರುಗುತ್ತ ಮನುಷ್ಯರ ಮೇಲೆ, ಪ್ರಾಣಿಗಳ ಮೇಲೆ, ಮನೆ ಮರ ಕಲ್ಲುಗಳ ಮೇಲೆ ಬಿದ್ದು ನೆಲವನ್ನು ಸೀಳುವುದು. ಸಿಡಿಲಿಗೆ ವಿದ್ಯುತ್ ಎಂಬ ಬೇರೆ ವರ್ಗವನ್ನೇ ಹೇಳಿರುವುದರಿಂದ, ಅಶನಿಯ ವರ್ಣನೆಯ ಹಿಂದೆ ಉಲ್ಕಾಶಿಲೆಯ ಪತನವನ್ನು ಕಂಡವರ ಮಾತು ಇದ್ದಿರಬೇಕೆಂದು ನನಗೆ ತೋರುತ್ತದೆ.

ಕನ್ನಡದಲ್ಲಿಯೂ ಇದಕ್ಕೆ ಸಮೀಪವಾದ ಮಾತುಂಟು. ಬಱಸಿಡಿಲ್ ಎಂಬ ಹಳಗನ್ನಡದ ಶಬ್ದವನ್ನು ಕಾವ್ಯಾಭ್ಯಾಸಿಗಳು ಬಲ್ಲರು. ಮಳೆಯಿಲ್ಲದೆ, ಮೋಡದ ಸೂಚನೆಯಿಲ್ಲದೆ ಎರಗುವ ಸಿಡಿಲು ಎಂದು ಅದರ ಅರ್ಥ. ಕವಿಗಳು ಅದನ್ನು ಅನಿರೀಕ್ಷಿತವಾದ ವಿಪತ್ತಿಗೆ ಉಪಮಾನವಾಗಿ ಬಳಸಿದರು. ಜನರು ಇಂದಿಗೂ ಹಾಗೆಯೇ ಬಳಸುತ್ತಾರೆ. ತಿಳಿಯಾದ ಆಕಾಶದಿಂದ ಗುಡುಗಿನಂಥ ಸದ್ದು ಕೇಳಿ ಏನೋ ಬಿದ್ದಿತೆಂಬ ಅನುಭವವು ಈ ಮಾತಿನ ಬೇರಿನಲ್ಲಿ ಸ್ವಲ್ಪವಾದರೂ ಇರಬಾರದೇಕೆ? ಇದನ್ನು ಸಿದ್ಧಾಂತವೆಂದು ಹೇಳುವುದಿಲ್ಲ. ಶಬ್ದಶಾಸ್ತ್ರಜ್ಞರ ವಿಚಾರಕ್ಕಾಗಿ ಮುಂದಿಡುತ್ತೇನೆ. ಸುಮಾರು ೧೩೦೦ರಲ್ಲಿದ್ದ ರಟ್ಟಕವಿಯು ಮಳೆ, ಭೂಕಂಪ, ಸಿಡಿಲು, ಗ್ರಹ, ಶಕುನ ಮೊದಲಾದುವನ್ನು ಕುರಿತು ‘ರಟ್ಟಮತ’ವೆಂಬ ಗ್ರಂಥವನ್ನೇ ಕನ್ನಡದಲ್ಲಿ ರಚಿಸಿದ್ದನು. ಆದಕಾರಣ ಆಕಾಶದ ಉತ್ಪಾತಗಳ ವಿದ್ಯೆಯು ಸಂಸ್ಕೃತಜ್ಞರ ಸೊತ್ತಾಗಿ ಮಾತ್ರ ಇದ್ದಿತೆಂದು ಹೇಳುವಂತಿಲ್ಲ.

ಇದೇ ವಿಷಯದಲ್ಲಿ ಪಾಶ್ಚಾತ್ಯರ ಚರಿತ್ರೆಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಅಲ್ಲಿಯ ದೊಡ್ಡ ದೊಡ್ಡ ವಿದ್ವಾಂಸರು ಆಕಾಶದಿಂದ ಕಲ್ಲು ಬೀಳುವುದೆಂಬುದನ್ನು ಹಳ್ಳಿಗರ ಕಟ್ಟುಕಥೆಯೆಂದು ತಳ್ಳಿಹಾಕುತ್ತಿದ್ದರು. ೧೭೯೪ರಲ್ಲಿ ಜರ್ಮನಿಯ ಕ್ಲಾಡ್ನಿಯು ಇವು ಭೂಮಿಯ ಹೊರಗಿನಿಂದ ಬಂದವು ಎಂದು ಬರೆದಾಗ ಬಹುಮಂದಿ ನಕ್ಕರು. ೧೮೦೩ರ ಏಪ್ರಿಲ್ ೨೬ರಂದು ಫ್ರಾನ್ಸಿನ ಲೇಗ್ಲ್ ಎಂಬ ಊರಿನ ಬಳಿ ಸಾವಿರಗಟ್ಟಲೆ ಕಲ್ಲುಗಳು ಉದುರಿದುವು. ಸರಕಾರವು ಬಿಯೋ ಎಂಬ ಯುವಕ ವಿದ್ವಾಂಸನನ್ನು ಅಲ್ಲಿಗೆ ಕಳುಹಿಸಿತು. ಅವನು ಹಳ್ಳಿ ಹಳ್ಳಿ ತಿರುಗಿ, ಸಾಕ್ಷಿಗಳನ್ನು ವಿಚಾರಿಸಿ, ಕಲ್ಲುಗಳು ಬಿದ್ದ ನೆಲದ ಪರಿಮಾಣವನ್ನು ಗುರುತಿಸಿ ವರದಿ ಬರೆದ ಮೇಲೆ ಸಂಶಯವು ನಿವಾರಣೆಯಾಯಿತು. ಎಂದರೆ ನೆಗಳೂರಿನ ಕಲ್ಲು ಬಿದ್ದಾಗ ಯೂರೋಪಿನ ಶಾಸ್ತ್ರಜ್ಞರು ಈ ಸತ್ಯವನ್ನು ಒಪ್ಪಿ ನಾಲ್ವತ್ತೈದು ವರ್ಷಗಳು ಮಾತ್ರವಾಗಿದ್ದುವು.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ನಮ್ಮ ಶಾಸ್ತ್ರಕಾರರು ಕಲ್ಲು ಬೀಳುವುದನ್ನು ಸಾವಿರಾರು ವರ್ಷ ನಂಬಿದರು; ಆದರೆ ಅದನ್ನು ಕೈಗೆತ್ತಿಕೊಂಡು ಒಡೆದು ನೋಡಲಿಲ್ಲ. ಅವರು ನೂರಾರು ವರ್ಷ ನಂಬಲಿಲ್ಲ. ನಂಬಿದ ಮರುದಿನದಿಂದಲೇ ತೂಗಿ, ಅಳೆದು, ದಿನಾಂಕ ಬರೆದು, ಪೆಟ್ಟಿಗೆಯಲ್ಲಿಟ್ಟರು. ನೆಗಳೂರಿನ ಅನಂತರ ಮೈಸೂರು ಸಂಸ್ಥಾನದ ಮದ್ದೂರಿನಲ್ಲಿ ೧೮೬೫ರ ಸೆಪ್ಟೆಂಬರ್ ೨೧ರಂದೂ, ಉಡುಪಿಯಲ್ಲಿ ೧೮೬೬ರ ಏಪ್ರಿಲಿನಲ್ಲಿಯೂ ಬಿದ್ದ ಕಲ್ಲುಗಳು ಹೀಗೆಯೇ ಪಟ್ಟಿಗೆ ಸೇರಿದುವು. ಅದಕ್ಕೆ ಹಿಂದಿನ ಸಾವಿರ ವರ್ಷಗಳಲ್ಲಿ ಕನ್ನಡನಾಡಿನ ಮೇಲೆ ಒಂದೂ ಕಲ್ಲು ಬೀಳಲಿಲ್ಲವೆಂದು ಭಾವಿಸಲು ಕಾರಣವಿಲ್ಲ. ಬಿದ್ದಿವೆ, ಬರೆದಿಟ್ಟಿಲ್ಲ.

೪

ಇನ್ನು ಧೂಮಕೇತುಗಳ ವಿಚಾರ. ಧೂಮವೇ ಕೇತುವಾಗಿ, ಎಂದರೆ ಬಾವುಟವಾಗಿ ಉಳ್ಳದ್ದು ಧೂಮಕೇತು. ಅಮರಸಿಂಹನು ಈ ಶಬ್ದಕ್ಕೆ ಅಗ್ನಿಯೆಂದೂ ಉತ್ಪಾತವೆಂದೂ ಎರಡರ್ಥಗಳನ್ನು ಹೇಳುತ್ತಾನೆ. ನಮ್ಮ ಸೀಮೆಯ ಜನರು ಬಾಲದ ಚುಕ್ಕಿಯೆನ್ನುವರು. ಕಲ್ಲು ಬೀಳುವುದಾದರೆ ಒಂದು ಕ್ಷಣದ ಮಾತು; ನೋಡಿದವರು ಹತ್ತಾರು ಮಂದಿ. ಧೂಮಕೇತುವು ವಾರಗಟ್ಟಲೆ, ತಿಂಗಳುಗಟ್ಟಲೆ ಇಡೀ ನಾಡಿಗೆ ಕಾಣುವಂಥದು. ಆದರೂ ನಮ್ಮ ಸೀಮೆಯ ಶಾಸನಗಳಲ್ಲಿ ಅದು ಕಾಣುವುದಿಲ್ಲ.

ಮದರಾಸು ಆಧಿಪತ್ಯಕ್ಕೆ ಸೇರಿದ್ದ ಪ್ರದೇಶಗಳ ಕನ್ನಡ ಶಾಸನಗಳು ೧೯೩೯ರಲ್ಲಿ ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಸಂಪಾದಿಸಿದ ದಕ್ಷಿಣಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾದುವು. ನೊಳಂಬವಾಡಿ, ಕೋಗಳಿ ಐನೂರು ಮುಂತಾದ ನಾಡುಗಳ ಚರಿತ್ರೆಗೆ ಅದು ಗಣಿ. ಅಲ್ಲಿ ಆಕಾಶದ ಮಾತು ಕಡಿಮೆಯೇನೂ ಇಲ್ಲ. ಸೂರ್ಯಗ್ರಹಣ, ಸೋಮಗ್ರಹಣ, ಉತ್ತರಾಯಣಸಂಕ್ರಾಂತಿ, ವ್ಯತೀಪಾತ ಎಂಬ ಮಾತುಗಳು ದಾನಶಾಸನಗಳಲ್ಲಿ ಅಡಿಗಡಿಗೆ ಬರುತ್ತವೆ. ಬಿಟ್ಟ ಗದ್ದೆಯ ಮತ್ತರು, ತೋಟ, ಗಾಣ, ನಂದಾದೀವಿಗೆಗಳೊಡನೆ ಆ ಕಾಲವನ್ನೂ ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಧೂಮಕೇತುವಾದರೋ ದಾನಕ್ಕೆ ನಿಮಿತ್ತವಾಗಿ ನಾನು ಓದಿದ ಮಟ್ಟಿಗೆ ಒಂದೆಡೆಯೂ ಕಾಣಲಿಲ್ಲ.

ಈ ಮೌನಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಮೊದಲನೆಯದು, ದಾನಕ್ಕೆ ಪುಣ್ಯಕಾಲವು ಬೇಕು. ಗ್ರಹಣ ಸಂಕ್ರಮಣಗಳು ಪುಣ್ಯಕಾಲಗಳು. ಧೂಮಕೇತುವಿನ ಉದಯವು ಉತ್ಪಾತ. ಅದಕ್ಕೆ ಶಾಂತಿಕರ್ಮವುಂಟು, ಶಾಸನವಿಲ್ಲ. ಎರಡನೆಯದು ಇನ್ನೂ ಮುಖ್ಯವಾದುದು. ಪುಣ್ಯಕಾಲವು ಮೊದಲೇ ತಿಳಿದಿರಬೇಕು. ಗ್ರಹಣವು ಇಂಥ ಮಾಸದ ಇಂಥ ತಿಥಿಯಲ್ಲಿ ಎಂದು ಜೋಯಿಸನು ಗಣಿತದಿಂದ ಹೇಳಬಲ್ಲನು. ದಾನ ಮಾಡುವವನು ಹೊಳೆಯ ದಂಡೆಗೆ ಬಂದು, ಮಿಂದು, ಧಾರೆಯೆರೆಯಲು ಸಿದ್ಧನಾಗಿರುವನು. ಧೂಮಕೇತುವಿಗೆ ಅಂಥ ಗಣಿತವಿರಲಿಲ್ಲ. ಇದನ್ನು ವರಾಹಮಿಹಿರನೇ ಬಿಚ್ಚಿ ಹೇಳಿದ್ದಾನೆ. ಬೃಹತ್ಸಂಹಿತೆಯ ಕೇತುಚಾರಾಧ್ಯಾಯದ ಆರಂಭದಲ್ಲಿಯೇ ಅವನು ಕೇತುಗಳ ಉದಯವನ್ನಾಗಲಿ ಅಸ್ತವನ್ನಾಗಲಿ ಗಣಿತದಿಂದ ಅರಿಯಲಾಗದೆಂದು ಒಪ್ಪಿಕೊಳ್ಳುತ್ತಾನೆ. ಪಂಚಸಿದ್ಧಾಂತಗಳನ್ನು ಅರೆದು ಕುಡಿದ ಗಣಕನು ತನ್ನ ಗಣಿತದ ಮೇರೆಯನ್ನು ಹೀಗೆ ನೇರವಾಗಿ ಹೇಳಿರುವುದು ಶ್ಲಾಘ್ಯವಾದುದು.

ಅದೇ ಅಧ್ಯಾಯದಲ್ಲಿ ಅವನು ಪೂರ್ವಾಚಾರ್ಯರ ಮತಭೇದವನ್ನೂ ಎತ್ತುತ್ತಾನೆ. ಕೇತುಗಳು ನೂರೊಂದು ಎಂದು ಕೆಲವರು, ಸಾವಿರವೆಂದು ಮತ್ತೆ ಕೆಲವರು. ನಾರದನ ಮತದಲ್ಲಿ ಇರುವುದು ಒಂದೇ ಕೇತು, ಅದೇ ಬೇರೆ ಬೇರೆ ರೂಪಗಳಿಂದ ತೋರುವುದು. ಪರಾಶರನ ಮತದ ಕೇತುಗಳ ವಿವರಣೆಯು ಭಟ್ಟೋತ್ಪಲನ ವ್ಯಾಖ್ಯಾನದಲ್ಲಿಯೂ ಬಲ್ಲಾಳಸೇನನ ಅದ್ಭುತಸಾಗರದಲ್ಲಿಯೂ ಉಳಿದುಬಂದಿದೆ. ಅದರಲ್ಲಿ ಒಂದೊಂದು ಕೇತುವು ಇಷ್ಟು ವರ್ಷಗಳ ಅನಂತರ ತೋರುವುದೆಂಬ ಲೆಕ್ಕವೂ ಉಂಟು. ಈ ಚದುರಿದ ವಾಕ್ಯಗಳನ್ನು ಬೆಂಗಳೂರಿನ ವಿದ್ವಾಂಸರಾದ ಆರ್. ಎನ್. ಅಯ್ಯಂಗಾರ್ಯರು ಕೂಡಿಸಿ ೨೦೧೩ರಲ್ಲಿ ಪರಾಶರತಂತ್ರವೆಂದು ಪ್ರಕಟಿಸಿ ಉಪಕಾರ ಮಾಡಿದ್ದಾರೆ.

ಇಂಗ್ಲೆಂಡಿನ ಹ್ಯಾಲಿಯು ೧೭೦೫ರಲ್ಲಿ ೧೫೩೧, ೧೬೦೭, ೧೬೮೨ರ ಧೂಮಕೇತುಗಳು ಒಂದೇ ಎಂದು ಗಣಿತದಿಂದ ತೋರಿಸಿ, ಅದು ೧೭೫೮ರಲ್ಲಿ ಮರಳುವುದೆಂದು ಹೇಳಿದನು. ಅವನು ತೀರಿಕೊಂಡ ಮೇಲೆ, ಆ ವರ್ಷದ ಡಿಸೆಂಬರ್ ೨೫ರಂದು, ಅದು ಕಾಣಿಸಿಕೊಂಡಿತು. ಇದನ್ನು ಕಂಡು ‘ನಾರದನು ಮೊದಲೇ ಹೇಳಿದ್ದನು’ ಎಂದು ಹೆಮ್ಮೆಪಡುವವರು ನಮ್ಮಲ್ಲಿದ್ದಾರೆ. ಆ ಹೆಮ್ಮೆಯು ನನಗೆ ಸಮ್ಮತವಲ್ಲ. ನಾರದನ ಮತವು ಚೆಲುವಾದ ಊಹೆ. ಹ್ಯಾಲಿಯ ಮಾತಿಗೆ ಆಧಾರವಾದುದು ದಿನಾಂಕಗಳು: ಇಂಥ ದಿನ, ಇಂಥ ನಕ್ಷತ್ರದ ಬಳಿ, ಇಂಥ ಸ್ಥಾನದಲ್ಲಿ ಕಂಡಿತು ಎಂದು ಅವನಿಗೆ ಹಿಂದಿನವರು ಬರೆದಿಟ್ಟ ಸಾಲುಗಳು. ನಮ್ಮಲ್ಲಿ ಊಹೆಗೆ ಕೊರತೆಯಿರಲಿಲ್ಲ. ಆ ಸಾಲುಗಳಿಗೆ ಕೊರತೆಯಿತ್ತು.

೫

ಸಾಲುಗಳಿಲ್ಲದ ಕಡೆ ಕಥೆಯು ಹೇಗೆ ಬೆಳೆಯಬಲ್ಲುದೆಂಬುದಕ್ಕೆ ನಮ್ಮ ಸೀಮೆಯದೇ ಒಂದು ಉದಾಹರಣೆಯನ್ನು ಕೊಡುತ್ತೇನೆ.

ಹಡಗಲಿ ಸೀಮೆಯ ಕುರುವತ್ತಿಯಲ್ಲಿ, ಮಲ್ಲಿಕಾರ್ಜುನನ ಗುಡಿಯಿರುವ ತುಂಗಭದ್ರೆಯ ದಂಡೆಯಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಒಂದನೆಯ ಸೋಮೇಶ್ವರನು ೧೦೬೮ರ ಮಾರ್ಚಿಯಲ್ಲಿ ಜಲಪ್ರವೇಶ ಮಾಡಿ ದೇಹವನ್ನು ಬಿಟ್ಟನು. ಗುಣವಾಗದ ಜ್ವರಕ್ಕೆ ತುತ್ತಾದ ದೊರೆಯು ಹೊಳೆಯಲ್ಲಿಳಿದು ಶಿವಧ್ಯಾನದಿಂದ ಪ್ರಾಣವನ್ನು ನೀಗಿದುದನ್ನು ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ ವರ್ಣಿಸಿರುವುದು ಸಾಹಿತ್ಯಜ್ಞರಿಗೆ ತಿಳಿದ ವಿಷಯವೇ. ಇದಕ್ಕೆ ಎರಡು ವರ್ಷಗಳ ಹಿಂದೆ, ೧೦೬೬ರ ಏಪ್ರಿಲಿನಿಂದ ಜೂನಿನವರೆಗೆ, ಇಂದು ಹ್ಯಾಲಿಯ ಹೆಸರಿನಿಂದ ಕರೆಯುವ ಧೂಮಕೇತುವು ಆಕಾಶದಲ್ಲಿ ಬೆಳಗಿತು. ಚೀನರು ಸುಮಾರು ಎರಡು ತಿಂಗಳು ಅದನ್ನು ನೋಡಿ ಬರೆದಿಟ್ಟರು.

ವರಾಹಮಿಹಿರನ ಮತದಲ್ಲಿ ಕೇತುವು ಎಷ್ಟು ದಿನ ಕಾಣುವುದೋ ಅಷ್ಟು ತಿಂಗಳು ಅದರ ಫಲ. ಎಷ್ಟು ತಿಂಗಳು ಕಾಣುವುದೋ ಅಷ್ಟು ವರ್ಷ ಫಲ. ಎರಡು ತಿಂಗಳು ಕಂಡಿತು. ಎರಡು ವರ್ಷ ಫಲ. ಎರಡು ವರ್ಷಕ್ಕೆ ಸರಿಯಾಗಿ ಚಕ್ರವರ್ತಿಯ ಮರಣ! ಶಾಸ್ತ್ರವೂ ಚರಿತ್ರೆಯೂ ಎಷ್ಟು ಚೆನ್ನಾಗಿ ಕೂಡಿಬಂದುವು! ಯೌವನದಲ್ಲಿ ಈ ಲೆಕ್ಕವು ಮೊದಲು ಹೊಳೆದಾಗ ನಾನೂ ಹಿಗ್ಗಿದ್ದುಂಟು. ಒಂದು ಸಭೆಯಲ್ಲಿ ಇದನ್ನು ಹೇಳಿ ಮೆಚ್ಚುಗೆಯನ್ನೂ ಪಡೆದಿದ್ದೆನು. ಅದು ತಪ್ಪೆಂದು ತಿಳಿಯಲು ನನಗೆ ಬಹುಕಾಲ ಹಿಡಿಯಿತು.

ತಪ್ಪು ಎಲ್ಲಿದೆ? ಅದೇ ೧೦೬೬ರಲ್ಲಿ ಅದೇ ಧೂಮಕೇತುವನ್ನು ಇಂಗ್ಲೆಂಡಿನ ಹೆರಾಲ್ಡನೂ ನಾರ್ಮಂಡಿಯ ವಿಲಿಯಮನೂ ಕಂಡರು. ಆ ವರ್ಷವೇ ಒಬ್ಬನು ರಣದಲ್ಲಿ ಸತ್ತನು, ಇನ್ನೊಬ್ಬನು ಸಿಂಹಾಸನವನ್ನೇರಿದನು. ಕೇತುವು ಯಾರಿಗೆ ಅಶುಭ, ಯಾರಿಗೆ ಶುಭ? ಇನ್ನು ನಮ್ಮ ನಾಡಿಗೇ ಬರೋಣ. ಈ ಐದು ತಾಲ್ಲೂಕುಗಳ ಜನರು ಕಂಡ ಅತಿ ದೊಡ್ಡ ವಿಪತ್ತು ೧೫೬೫ರ ಜನವರಿಯಲ್ಲಿ ವಿಜಯನಗರವು ಬಿದ್ದುದು. ಹ್ಯಾಲಿಯ ಧೂಮಕೇತುವು ಆಗ ಎಲ್ಲಿತ್ತು? ೧೫೩೧ಕ್ಕೂ ೧೬೦೭ಕ್ಕೂ ನಡುವೆ, ಸೂರ್ಯನಿಂದ ತನ್ನ ಅತಿ ದೂರದ ಎಡೆಯ ಸಮೀಪದಲ್ಲಿ, ನೆಪ್ಚೂನ್ ಗ್ರಹದ ಕಕ್ಷೆಗಿಂತಲೂ ಆಚೆ, ಯಾರ ಕಣ್ಣಿಗೂ ಕಾಣದೆ ಮೆಲ್ಲಗೆ ತೆವಳುತ್ತಿತ್ತು. ಕುರುವತ್ತಿಯ ಮರಣಕ್ಕೆ ಸಾಕ್ಷಿಯಾಗಿ ಕರೆದ ಕೇತುವು ಹಂಪೆಯ ಮರಣಕ್ಕೆ ಗೈರುಹಾಜರಿಯಾದಂತಾಯಿತು. ಹೊಂದಿದುದನ್ನು ಮಾತ್ರ ಹೇಳಿ ಹೊಂದದುದನ್ನು ಬಿಟ್ಟರೆ ಯಾವ ಕೇತುವೂ ಯಾವ ಅರಸನನ್ನೂ ಕೊಲ್ಲಬಲ್ಲುದು.

ದಿನಗಳ ಹೊಂದಿಕೆಯ ಮೋಹಕ್ಕೆ ಇನ್ನೊಂದು ದೃಷ್ಟಾಂತ. ನೆಗಳೂರಿನ ಕಲ್ಲು ಬಿದ್ದುದು ಫೆಬ್ರವರಿ ೧೫. ರಷ್ಯಾದೇಶದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು ೨೦ ಮೀಟರು ಗಾತ್ರದ ಉಲ್ಕೆಯು ಸಿಡಿದು, ಒಡೆದ ಕಿಟಕಿಗಾಜುಗಳಿಂದ ಸಾವಿರಕ್ಕೂ ಹೆಚ್ಚು ಮಂದಿ ಗಾಯಗೊಂಡುದು ೨೦೧೩ರ ಫೆಬ್ರವರಿ ೧೫. ನೂರ ಅರುವತ್ತೈದು ವರ್ಷಗಳ ಅಂತರ, ಅದೇ ತಾರೀಖು. ಇದರಿಂದ ಯಾವ ಶಾಸ್ತ್ರವೂ ಹುಟ್ಟುವುದಿಲ್ಲ. ವರ್ಷಕ್ಕೆ ಇರುವುವು ಮುನ್ನೂರ ಅರುವತ್ತೈದು ದಿನಗಳು; ಬೀಳುವ ಕಲ್ಲುಗಳು ಅನೇಕ.

೬

ಧೂಮಕೇತುಗಳೂ ಉಲ್ಕೆಗಳೂ ಒಂದೇ ಕುಟುಂಬದವು ಎಂಬ ಜ್ಞಾನವು ಬೆಳೆದ ಕಥೆಯಲ್ಲಿ ಮದರಾಸಿನ ವೇಧಶಾಲೆಗೂ ಒಂದು ಸ್ಥಾನವಿದೆ. ಹಡಗಲಿ, ಕೂಡ್ಲಿಗಿಗಳು ಮದರಾಸಿಗೆ ಕಂದಾಯ ಕಟ್ಟುತ್ತಿದ್ದ ಕಾಲದಲ್ಲಿ ಅಲ್ಲಿಯ ವೇಧಶಾಲೆಯ ಅಧಿಕಾರಿಯಾಗಿದ್ದ ಪಾಗ್ಸನ್ ಎಂಬವನು ೧೮೬೧ರ ಏಪ್ರಿಲ್ ೧೭ರಂದು ಒಂದು ಕಿರುಗ್ರಹವನ್ನು ಕಂಡುಹಿಡಿದನು. ಏಷ್ಯಾಖಂಡದ ನೆಲದಿಂದ ಕಂಡ ಮೊದಲನೆಯ ಕಿರುಗ್ರಹವಾದುದರಿಂದ ಅದಕ್ಕೆ ‘ಏಷ್ಯಾ’ ಎಂದೇ ಹೆಸರಾಯಿತು. ಆಮೇಲೆ ಅವನು ಅಲ್ಲಿಂದಲೇ ಇನ್ನೂ ನಾಲ್ಕನ್ನು ಕಂಡನು. ಮಂಗಳ ಗುರುಗಳ ನಡುವೆ ಸುತ್ತುವ ಈ ಕಿರುಗ್ರಹಗಳಲ್ಲಿ ಮೊದಲನೆಯದಾದ ಸಿರಿಸ್ ೧೮೦೧ರ ಜನವರಿ ೧ರಂದು ಸಿಸಿಲಿಯಲ್ಲಿ ಕಂಡಿತು. ಇಂದು ಲೆಕ್ಕಕ್ಕೆ ಸಿಕ್ಕಿರುವವು ಹತ್ತು ಲಕ್ಷವನ್ನು ಮೀರಿವೆ. ಬರಿಗಣ್ಣಿಗೆ ಕಾಣಿಸದ ಇವುಗಳ ಮಾತು ನಮ್ಮ ಸಂಹಿತೆಗಳಲ್ಲಿ ಇಲ್ಲದಿರುವುದು ಸಹಜವೇ.

ಬಿಯೇಲನ ಧೂಮಕೇತುವು ೧೮೪೬ರಲ್ಲಿ ಎರಡು ಹೋಳಾಗಿ ಕಂಡು, ೧೮೫೨ರ ಅನಂತರ ಕಾಣಲೇ ಇಲ್ಲ. ೧೮೭೨ರ ನವೆಂಬರ್ ೨೭ರ ರಾತ್ರಿ, ಭೂಮಿಯು ಅದರ ದಾರಿಯನ್ನು ದಾಟುವಾಗ, ಉಲ್ಕೆಗಳ ಮಳೆಯೇ ಸುರಿಯಿತು. ಜರ್ಮನಿಯಿಂದ ಕ್ಲಿಂಕರ್‌ಫ್ಯೂಸನು ಮದರಾಸಿನ ಪಾಗ್ಸನನಿಗೆ, ಧೂಮಕೇತುವನ್ನು ದಕ್ಷಿಣದ ಆಕಾಶದಲ್ಲಿ ಹುಡುಕಬೇಕೆಂದು ತಂತಿ ಕಳುಹಿಸಿದನು. ಡಿಸೆಂಬರ್ ೨, ೩ರಂದು ಪಾಗ್ಸನನಿಗೆ ಧೂಮಕೇತುವಿನಂಥದೊಂದು ಕಂಡಿತು. ಅದು ಬಿಯೇಲನದಲ್ಲವೆಂದು ಮುಂದಿನ ಗಣಿತಜ್ಞರ ಮತ. ಅದೇನೇ ಇರಲಿ, ಕರಗಿಹೋದ ಧೂಮಕೇತುವಿನ ಧೂಳೇ ಉಲ್ಕಾವೃಷ್ಟಿಯಾಗಿ ಬೀಳುವುದೆಂಬುದು ಆಗ ಸ್ಥಿರವಾಯಿತು. ನೆಗಳೂರಿನದರಂಥ ಕಲ್ಲುಗಳಾದರೋ ಹೆಚ್ಚಾಗಿ ಧೂಮಕೇತುವಿನ ಧೂಳಲ್ಲ; ಕಿರುಗ್ರಹಗಳು ಒಂದನ್ನೊಂದು ತಾಕಿ ಒಡೆದ ಚೂರುಗಳು. ಗಾಳಿಯನ್ನು ಸೀಳಿ ಬರುವಾಗ ಹೊರಮೈ ಕರಗಿ ಕರಿಯ ತೊಗಟೆಯಾದರೂ ಒಳಗು ತಣ್ಣಗೇ ಇರುವುದು. ಇಂಥ ಕಲ್ಲುಗಳ ಒಳಗಿನ ಕಣಗಳು ಸೌರಮಂಡಲದಷ್ಟೇ ಹಳೆಯವು; ಸುಮಾರು ೪೫೬ ಕೋಟಿ ವರ್ಷಗಳ ವಯಸ್ಸಿನವು. ನಮ್ಮ ಸೀಮೆಯ ಅತಿ ಹಳೆಯ ಶಾಸನಶಿಲೆಗಿಂತ ಹಳೆಯ ಲೇಖವು ಅದರಲ್ಲಿತ್ತೆಂದರೆ ಅಲಂಕಾರವಾದೀತೇ ಹೊರತು ಸುಳ್ಳಾಗದು.

ಮದರಾಸಿನ ಆ ವೇಧಶಾಲೆಯ ಪರಂಪರೆಯು ಕೊಡೈಕನಾಲಿನ ಮೂಲಕ ಇಂದು ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ಬಂದು ಸೇರಿದೆ. ಆ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು ಅವರು ವಿದ್ಯಾರ್ಥಿಯಾಗಿದ್ದಾಗ ೧೯೪೯ರಲ್ಲಿ ಅಮೆರಿಕದಲ್ಲಿ ಒಂದು ಧೂಮಕೇತುವನ್ನು ಕಂಡರು. ಅದು ಬಾಪು–ಬೋಕ್–ನ್ಯೂಕರ್ಕ್ ಎಂಬ ಹೆಸರಿನಿಂದ ಪಟ್ಟಿಯಲ್ಲಿದೆ. ಭಯದ ಹೆಸರಾಗಿದ್ದ ಕೇತುವಿಗೆ ಕಂಡವನ ಹೆಸರನ್ನು ಇಡುವ ಕಾಲವು ಬಂದಿತು.

೭

ಕೊನೆಯಲ್ಲಿ ನನ್ನದೇ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ, ೧೯೮೬ರಲ್ಲಿ, ಹ್ಯಾಲಿಯ ಧೂಮಕೇತುವು ಮರಳಿ ಬಂದಿತ್ತು. ನಮ್ಮ ಗುರುಗಳು ಕೇತುಚಾರಾಧ್ಯಾಯವನ್ನು ಬಾಯಿಪಾಠ ಹೇಳಿಸಿ, ಬೆಳಗಿನ ಜಾವದಲ್ಲಿ ನಮ್ಮನ್ನು ಊರ ಹೊರಗೆ ಕರೆದೊಯ್ದು, ತೆಂಕಣ ದಿಕ್ಕಿನಲ್ಲಿ ಮಂಜಿನ ಹನಿಯಂತೆ ಮಸುಕಾಗಿದ್ದ ಅದನ್ನು ತೋರಿಸಿದರು. ಶಾಂತಿಯ ಮಾತನ್ನು ಅವರು ಎತ್ತಲಿಲ್ಲ. ಮನೆಗೆ ಬಂದು, ಆ ವರ್ಷದ ಪಂಚಾಂಗದ ಅಂಚಿನಲ್ಲಿ, ಯಾವ ನಕ್ಷತ್ರದ ಬಳಿ ಕಂಡಿತೆಂಬುದನ್ನು ತಿಥಿಯೊಡನೆ ಬರೆದುಕೊಂಡರು. ನನ್ನ ತಂದೆಯವರಿಗೂ ಇಂಥ ಅಭ್ಯಾಸವಿತ್ತು. ಮೊದಲ ಮಳೆ, ಹೊಳೆಗೆ ಬಂದ ಮಹಾಪೂರ, ಬರ, ಬಿದ್ದ ಸಿಡಿಲು, ಆಕಾಶದ ಬೆಂಕಿ ಎಲ್ಲವೂ ಪಂಚಾಂಗದ ಅಂಚಿಗೆ ಸೇರುತ್ತಿದ್ದುವು. ತಂದೆಯವರು ತೀರಿಕೊಂಡ ಮೇಲೆ, ಹಳೆಯ ಪಂಚಾಂಗಗಳನ್ನು ಮನೆಯಲ್ಲಿಡಬಾರದೆಂಬ ರೂಢಿಯಂತೆ, ಗಂಟು ಗಂಟನ್ನೇ ಕೊಂಡೊಯ್ದು ತುಂಗಭದ್ರೆಯಲ್ಲಿ ವಿಸರ್ಜಿಸಿದವನು ನಾನೇ. ಅಂಚುಗಳನ್ನು ಓದಲಿಲ್ಲ. ಶಾಸನಗಳ ಮೌನವನ್ನು ದೂರುವಾಗಲೆಲ್ಲ ಆ ಗಂಟುಗಳು ನೀರಿನಲ್ಲಿ ಬಿಚ್ಚಿಕೊಂಡುದು ನನ್ನ ಕಣ್ಣಿಗೆ ಕಟ್ಟುತ್ತದೆ.

ಆದಕಾರಣ ವಿದ್ವಾಂಸರಲ್ಲಿಯೂ ಅಧ್ಯಾಪಕರಲ್ಲಿಯೂ ನನ್ನ ಬಿನ್ನಹವು ಇಷ್ಟೇ. ಕಲ್ಲಿನ ಶಾಸನಗಳಲ್ಲಿ ಧೂಮಕೇತುವನ್ನು ಹುಡುಕಿ ನಿರಾಶರಾಗುವುದು ಬೇಡ; ಅದು ಅಲ್ಲಿರಲು ಕಾರಣವೇ ಇಲ್ಲವೆಂದು ಮೇಲೆ ತೋರಿಸಿದ್ದೇನೆ. ಹುಡುಕಬೇಕಾದುದು ಶಾನುಭೋಗರ ಮನೆಗಳ ಕಡತಗಳಲ್ಲಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿಗಳ ಮಠಮಾನ್ಯಗಳ ಲೆಕ್ಕದ ವಹಿಗಳಲ್ಲಿ, ಜೋಯಿಸರ ಪಂಚಾಂಗಗಳ ಅಂಚುಗಳಲ್ಲಿ, ಬಖೈರುಗಳಲ್ಲಿ, ಮೈಲಾರದ ಕಾರಣಿಕಗಳನ್ನು ವರ್ಷವರ್ಷವೂ ಬರೆದಿಟ್ಟವರ ಮನೆಗಳಲ್ಲಿ. ‘ಪ್ಲವಂಗ ಸಂವತ್ಸರದ ಮಾಘ ಶುದ್ಧ’ ಎಂಬ ಒಂದು ಸಾಲು ಅಂಥ ಒಂದು ವಹಿಯಲ್ಲಿ ಸಿಕ್ಕಿದರೆ, ಬೊಂಬಾಯಿಯ ಕಾಗದಕ್ಕೆ ನಮ್ಮ ದಂಡೆಯ ಸಾಕ್ಷಿಯು ಒದಗುವುದು. ಸಂಗ್ರಹಿಸಿದವರು ಊರು, ತಿಥಿ, ವಾರ, ನೋಡಿದವರ ಮಾತು ಇವುಗಳನ್ನು ಇದ್ದಂತೆಯೇ ಬರೆದು ಈ ಪತ್ರಿಕೆಗೆ ಕಳುಹಿಸಲಿ. ಫಲವನ್ನು ಬರೆಯುವ ಅಗತ್ಯವಿಲ್ಲ.

ಹ್ಯಾಲಿಯ ಧೂಮಕೇತುವು ಮತ್ತೆ ೨೦೬೧ರಲ್ಲಿ ಬರತಕ್ಕದ್ದು. ಇಂದು ನಮ್ಮ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳು ಅದನ್ನು ನೋಡುವರು. ಅವರ ಕೈಗೆ ನಾವು ಕೊಡಬೇಕಾದುದು ಹೆದರಿಕೆಯನ್ನೂ ಅಲ್ಲ, ಹೊಗಳಿಕೆಯನ್ನೂ ಅಲ್ಲ. ಅಂಚಿನಲ್ಲಿ ತಿಥಿ ಬರೆಯುವ ಅಭ್ಯಾಸವನ್ನು, ಬರೆದುದನ್ನು ಹೊಳೆಗೆ ಬಿಡದಿರುವ ವಿವೇಕವನ್ನು.